ಮನೆಯ ಮುದ್ರೆ, ಹಿತ್ತಲ ನೀರು

ಹಾಚಿಮಾನ್
೧೯೭೨ ಜೂನ್ ೧೧

ಅತ್ತೆಯವರಿಗೆ,

ನೀವು ಉತ್ತರದ ಒತಾರುಗೆ ಹೊರಟು ಇವತ್ತಿಗೆ ಹದಿನೇಳು ದಿನ. ತಲುಪಿದ ತಂತಿ ಬಂತು. ಅದರ ಹಿಂದೆಯೇ ಅಲ್ಲಿನ ನಮ್ಮ ಅಂಗಡಿಯ ಗುಮಾಸ್ತರ ಕಾಗದವೂ ಬಂತು. ಮಾವನವರಿಗೆ ಬಲಗೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತದೆ ಎಂದು ಓದಿ ಆ ಕಾಗದ ಹಿಡಿದುಕೊಂಡೇ ತುಂಬ ಹೊತ್ತು ಕೂತಿದ್ದೆ. ಊರು ಬಿಟ್ಟು ಅಷ್ಟು ದೂರ ಬಿದ್ದುಬಿಟ್ಟರಲ್ಲ. ಆದರೂ ನೀವು ಪಕ್ಕದಲ್ಲಿದ್ದೀರಿ ಅನ್ನುವುದೇ ದೊಡ್ಡ ಸಮಾಧಾನ.

ಇಲ್ಲಿ ತೊಮೊಎಗೆ ಒಂಬತ್ತು ತಿಂಗಳು ತುಂಬಿತು. ಕೆಳಗಿನ ವಸಡಿನಲ್ಲಿ ಎರಡು ಅಕ್ಕಿಕಾಳು ಕಂಡಿವೆ. ಚಾಪೆಯ ಮೇಲೆ ಬಿಟ್ಟರೆ ಸಾಕು, ಹಿಂದಿನ ಉಗ್ರಾಣದ ಬಾಗಿಲಿನವರೆಗೂ ಅಂಬೆಗಾಲಿಡುತ್ತಾಳೆ. ಎಲ್ಲಾ ಬಿಟ್ಟು ಆ ಬಾಗಿಲೇ ಬೇಕು ಅವಳಿಗೆ. ಅದರಾಚೆಯ ಕಾಲುವೆಯ ವಾಸನೆ ಈ ಸಲ ಜಡಿಮಳೆ ಹಿಡಿಯುವ ಮೊದಲೇ ಎದ್ದಿದೆ. ಬಾಗಿಲ ಸಂದಿಗೆಲ್ಲ ಹಳೆ ಬಟ್ಟೆ ತುರುಕಿದ್ದೇನೆ.

ಇವರು ದಕ್ಷಿಣದ ಕ್ಯೂಶೂ ಕಡೆಯ ಅಂಗಡಿಗಳಿಗೆ ಹೋಗಿದ್ದಾರೆ, ಬರುವುದು ತಿಂಗಳ ಕೊನೆಗೆ. ಮುನ್ನೂರು ವರ್ಷಗಳಿಂದ ಈ ಊರಿನ ಗಂಡಸರು ದೂರದಲ್ಲಿ ಅಂಗಡಿ ಇಟ್ಟರು, ಹೆಂಗಸರು ಇಲ್ಲಿ ಮನೆ ನಡೆಸಿದರು ಎಂದು ಕಾಲೇಜಿನಲ್ಲಿ ಓದುವಾಗ ಅದು ಎಷ್ಟು ಚಂದದ ವಾಕ್ಯವಾಗಿತ್ತು! ಈಗ ಆ ಹೆಂಗಸು ನಾನೇ. ನೀವು ರೈಲು ಹತ್ತುವ ಮುಂಚೆ ನನ್ನ ಅಂಗೈಗಿಟ್ಟ ಮನೆಯ ಮುದ್ರೆಯನ್ನು ಸೊಂಟದ ಪಟ್ಟಿಯೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದೇನೆ.

ನಿದ್ದೆಯ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ತೊಮೊಎ ಸೊಳ್ಳೆಪರದೆಯೊಳಗೆ ಕೈಕಾಲು ಚೆಲ್ಲಿ ಮಲಗುತ್ತಾಳೆ, ನಾನು ಅವಳ ಉಸಿರು ಎಣಿಸುತ್ತೇನೆ. ಎಣಿಕೆ ತಪ್ಪಿದರೆ ಮೊದಲಿನಿಂದ. ದಕ್ಷಿಣದ ಕಡೆ ಮೆದುಳು ಜ್ವರ ಕಾಣಿಸಿದೆ ಎಂದು ಪತ್ರಿಕೆಯಲ್ಲಿದೆ. ಸೊಳ್ಳೆಪರದೆ ಮಾರುವ ಮನೆಯ ಸೊಸೆ ಸೊಳ್ಳೆಗೆ ಹೆದರುವುದಾ ಎಂದು ನಗಬೇಡಿ. ಮಾವನವರು ಹೋದ ವರ್ಷ ಹೇಳಿದ್ದರಲ್ಲ, "ಸೊಳ್ಳೆ ಇಲ್ದಿದ್ರೆ ನಮ್ಮ ಮನೆತನ ಏನು ಮಾರ್ತಿತ್ತು ಹೇಳು? ಅದಕ್ಕೂ ಒಂದು ಊದುಬತ್ತಿ ಹಚ್ಚಮ್ಮ" ಅಂತ. ಅವರಿಗೆ ಇದನ್ನು ನೆನಪು ಮಾಡಿ. ನಕ್ಕರೆ ಬರೆಯಿರಿ.

ಪಕ್ಕದ ಚಾಪೆ ಅಂಗಡಿಯ ತಮಾಎ ಅಕ್ಕ ದಿನಾ ಇಣುಕಿ ಹೋಗುತ್ತಾರೆ. "ಏನೇ ಇಕುಯೊ, ಕಣ್ಣಿನ ಕೆಳಗೆ ಇದ್ದಿಲು ಬಳ್ಕೊಂಡಿದ್ಯಾ?" ಅನ್ನುತ್ತಾರೆ. ಆದರೆ ಬಂದಾಗೆಲ್ಲ ಸಿಗಡಿ ಹಾಕಿ ಬೇಯಿಸಿದ ಸೋಯಾಕಾಳು ತಂದಿರುತ್ತಾರೆ. ಬೀದಿಯ ಸುತ್ತೋಲೆಯೂ ಅವರ ಕೈಯಲ್ಲೇ ಬಂತು. ಮುದ್ರೆ ಒತ್ತಿ ಮುಂದಿನ ಮನೆಗೆ ದಾಟಿಸಿದೆ.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಸೊಸೆ
ಇಕುಯೊ


ಒತಾರು
ಜೂನ್ ೨೫

ಪ್ರೀತಿಯ ಇಕುಯೊಗೆ,

ನಿನ್ನ ಕಾಗದವನ್ನು ನಿನ್ನ ಮಾವನಿಗೆ ಓದಿ ಹೇಳಿದೆ. ಸೊಳ್ಳೆಯ ಮಾತಿಗೆ ನಕ್ಕರು. ಬಾಯಿಯ ಒಂದೇ ಕಡೆ ನಕ್ಕಿತು, ಆದರೆ ಪೂರ್ತಿ ನಕ್ಕರು. ಅಂಗಡಿಯವರೆಲ್ಲ ಬಂದು ನೋಡಿದರು. "ದೊಡ್ಡ ಯಜಮಾನ್ರು ನಕ್ಕಿದ್ದು ನಾವು ಯಾರೂ ನೋಡಿರ್ಲಿಲ್ಲ" ಅಂದರು! ನಲವತ್ತು ವರ್ಷ ಇವರ ಜೊತೆ ದುಡಿದವರು. ಇವರು ನಗುವನ್ನೆಲ್ಲ ಊರಿಗೆ ಅಂತ ಉಳಿಸಿಕೊಂಡಿದ್ದರೋ ಏನೋ.

ಇಲ್ಲಿ ಈಗ ಲೈಲಾಕ್ ಹೂವಿನ ಕಾಲ. ಬೀದಿಗೆ ಬೀದಿಯೇ ನೇರಳೆ. ಜಡಿಮಳೆ ಅಂದರೆ ಏನು ಅಂತಲೇ ಇಲ್ಲಿನವರಿಗೆ ಗೊತ್ತಿಲ್ಲ. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಈ ಅಂಗಡಿಯನ್ನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದೇನೆ. ನನ್ನ ಗಂಡನ ಅರ್ಧ ಆಯುಸ್ಸು ಕಳೆದದ್ದು ಇಂಥ ಮಾಡಿನ ಕೆಳಗೆ, ಇಂಥ ಕಿಟಕಿಯ ಹತ್ತಿರ ಅಂತ ನೋಡಿ ಏನೇನೋ ಅನ್ನಿಸುತ್ತದೆ. ಕಿಟಕಿಯಿಂದ ಇಲ್ಲಿಯೂ ಒಂದು ಕಾಲುವೆ ಕಾಣುತ್ತದೆ. ನಮ್ಮದಕ್ಕಿಂತ ಅಗಲ, ನಮ್ಮದರಷ್ಟೇ ಕೊಳಕು. ಅದನ್ನು ಮುಚ್ಚಿ ರಸ್ತೆ ಮಾಡುತ್ತಾರಂತೆ.

ನೀನು ಉಸಿರು ಎಣಿಸುವುದನ್ನು ಬಿಡು ಅಂದರೆ ಬಿಡುವವಳಲ್ಲ. ಆದ್ದರಿಂದ ಹೇಳುವುದಿಲ್ಲ. ಮಧ್ಯಾಹ್ನ ಅವಳು ಮಲಗಿದಾಗ ತಮಾಎಯನ್ನು ಕೂರಿಸಿ ನೀನೂ ಮಲಗು. ತಮಾಎ ಬಾಯಿ ಜೋರು, ಕೈ ಒಳ್ಳೆಯದು.

ತೊಮೊಎ ಉಗ್ರಾಣದ ಬಾಗಿಲಿಗೆ ಹೋಗುತ್ತಾಳೆ ಅಂತ ಬರೆದೆಯಲ್ಲ. ಅಗುಳಿ ಎರಡೂ ಹಾಕಿರಬೇಕು. ಮೇಲಿನದೂ, ಕೆಳಗಿನದೂ. ಮರೆಯಬೇಡ.

ಸುತ್ತೋಲೆಯಲ್ಲಿ ಏನಿತ್ತು ಅಂತ ಬರೆಯಲೇ ಇಲ್ಲವಲ್ಲ?

ಮನೆಯನ್ನು ನೋಡಿಕೊಳ್ಳುತ್ತಿರುವುದಕ್ಕೆ ನಿನಗೆ ಎಷ್ಟು ಹೇಳಿದರೂ ಸಾಲದು.

ಶಿನೊ


ಹಾಚಿಮಾನ್
ಜುಲೈ ೯

ಅತ್ತೆಯವರಿಗೆ,

ನಿಮಗೆ ಉತ್ತರ ಬರೆಯಲು ತಡವಾಯಿತು. ತೊಮೊಎಗೆ ಜ್ವರ ಬಂದಿತ್ತು. ಗಾಬರಿಯಾಗಬೇಡಿ, ಈಗ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೂರು ದಿನ ಮೈ ಕೆಂಡ. ಇವರು ಇನ್ನೂ ಊರಿಗೆ ಬಂದಿರಲಿಲ್ಲ. ಕಣ್ಣು ಅರ್ಧ ಮುಚ್ಚಿ ಕುತ್ತಿಗೆ ಹಿಂದಕ್ಕೆ ಹಾಕಿದಳು ಅಂತ ನನಗೆ ಕಂಡಿತು. ಆ ಮೆದುಳು ಜ್ವರವೇ ಅಂದುಕೊಂಡೆ. ಮಳೆಯಲ್ಲಿ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಡಾಕ್ಟರ ಮನೆಗೆ ಓಡಿದೆ. ಕಾಲಿಗೆ ಚಪ್ಪಲಿ ಹಾಕಿರಲಿಲ್ಲ ಅಂತ ಗೊತ್ತಾಗಿದ್ದು ಅವರ ಹೊಸಿಲಲ್ಲಿ. ಮುದುಕ ಡಾಕ್ಟರು ಅವಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮೂರು ದಿನ ಜ್ವರ, ನಾಲ್ಕನೇ ದಿನ ಮೈತುಂಬ ಗುಳ್ಳೆ, ಐದನೇ ದಿನ ನಗು. ಎಲ್ಲಾ ಕೂಸಿಗೂ ಬರೋದೇ ಕಣಮ್ಮ. ಔಷಧಿ ಇವಳಿಗಲ್ಲ, ನಿನಗೆ ಕೊಡ್ಬೇಕು" ಅಂದರು. ಅವರು ಹೇಳಿದ ಹಾಗೇ ಆಯಿತು. ನಾಲ್ಕನೇ ದಿನ ಗುಳ್ಳೆ ಎದ್ದಾಗ ಅಷ್ಟು ಚಂದದ ಗುಳ್ಳೆಗಳನ್ನು ನಾನು ಎಲ್ಲೂ ನೋಡಿಲ್ಲ ಅನ್ನಿಸಿತು.

ತಮಾಎ ಅಕ್ಕ ಮೂರು ದಿನವೂ ಅನ್ನ ಮಾಡಿ ತಂದರು. ಒಂದು ದಿನ ಗೆಡ್ಡೆಹಿಟ್ಟಿನ ಕೆಂಪು ಕೊನ್ಯಾಕು ಬೇಯಿಸಿ ತಂದು, "ತಿನ್ನು. ನೀನು ಬಿದ್ರೆ ನಿನ್ನ ಅತ್ತೆ ನನ್ನ ಚರ್ಮ ಸುಲೀತಾರೆ" ಅಂದರು. ನನಗೆ ಅಳು ಬಂತು. "ಉಪ್ಪು ಕಮ್ಮಿ ಆಗಿದ್ರೆ ಬಾಯಲ್ಲಿ ಹೇಳು, ಕಣ್ಣೀರು ಹಾಕ್ಕೊಳ್ಬೇಡ" ಅಂದರು.

ಭಾನುವಾರಗಳಲ್ಲಿ ಆರೇಳು ಜನ ಕಾಲುವೆಗೆ ಇಳಿದು ಕೆಸರು ಎಳೆಯುತ್ತಿದ್ದಾರೆ. ಹಿಂದೆ ಜೊಂಡು ಸಾಗಿಸುತ್ತಿದ್ದ ದೋಣಿಯ ಗೆಂಜೋ ಅಜ್ಜ ಅವರ ಮುಖಂಡ. ಎಳೆದಷ್ಟೂ ನಾತ ಏಳುತ್ತದೆ. ಜ್ವರದ ಮಗು ಇರುವ ಮನೆಯ ಹಿಂದೆ ಇದೇನು ಎಂದು ಕಾಲುವೆಗಿಳಿಯುವ ಮೆಟ್ಟಿಲ ಮೇಲಿನಿಂದ ಕೂಗಿಬಿಟ್ಟೆ. ಅವರು ಟೊಪ್ಪಿ ತೆಗೆದು ತಲೆಬಾಗಿಸಿ, ನಮ್ಮ ಹಿತ್ತಲು ಬಿಟ್ಟು ಆಚೆ ಹೋದರು. ಈಗ ನಾಚಿಕೆಯಾಗುತ್ತಿದೆ.

ಅಗುಳಿ ಎರಡೂ ಹಾಕಿದ್ದೇನೆ.

ಇಕುಯೊ


ಒತಾರು
ಜುಲೈ ೨೮

ಇಕುಯೊ,

ಜ್ವರ ಇಳಿದ ಮೇಲೆ ಬರೆದೆಯಲ್ಲ, ಒಳ್ಳೆಯದು ಮಾಡಿದೆ. ಡಾಕ್ಟರಿಗೆ ನನ್ನ ಹೆಸರಿನಲ್ಲಿ ಬಿದಿರೆಲೆಯಲ್ಲಿ ಸುತ್ತಿದ ಕೆಂಪು ಕಾಳಿನ ಸಿಹಿ ಒಂದು ಕಟ್ಟು ಕೊಟ್ಟು ಬಾ. ತಮಾಎಗೂ ಒಂದು ಕೊಡು. ಅವಳು ಬೇಡ ಅನ್ನುತ್ತಾಳೆ, ಕೇಳಬೇಡ.

ನಿನ್ನ ಮಾವ ಈಗ ಕೋಲು ಹಿಡಿದು ಹತ್ತು ಹೆಜ್ಜೆ ಇಡುತ್ತಾರೆ. ಮಾತು ದಿನಕ್ಕೊಂದಿಷ್ಟು ವಾಪಸು ಬರುತ್ತಿದೆ. ಆದರೆ ಯಾವುದು ಮೊದಲು ಬರಬೇಕು ಅನ್ನುವುದು ಅದರ ಇಷ್ಟ. ನನ್ನ ಹೆಸರು ಬರುವ ಮೊದಲು ನಮ್ಮೂರ ಬೀದಿಗಳ ಹೆಸರು ಬಂದವು, ಒಂದರ ಹಿಂದೆ ಒಂದು, ನೆಟ್ಟಗೆ, ಊರಿನಲ್ಲಿ ಇರುವ ಹಾಗೆಯೇ. "ಹೆಂಡತೀನ ಬಿಟ್ಟು ಬೀದೀನ ನೆನಪಿಟ್ಟುಕೊಂಡ್ರಾ?" ಅಂದೆ. "ಬೀದಿ... ಜಗಳ ಆಡಲ್ಲ" ಅಂದರು. ಹುಷಾರಾಗುತ್ತಿದ್ದಾರೆ ಅಂತ ಆಗಲೇ ಗೊತ್ತಾಯಿತು.

ಅಕ್ಟೋಬರ್ ಕೊನೆಗೆ ಪ್ರಯಾಣ ಮಾಡಬಹುದು ಅಂತ ಇಲ್ಲಿನ ಡಾಕ್ಟರ್ ಹೇಳಿದ್ದಾರೆ. ನಿನ್ನ ಮಾವನಿಗೆ ಒಂದೇ ಹಟ. ಊರಿಗೆ ಹೋದ ಮೇಲೆ ಹಿತ್ತಲ ಕಡೆ ಹಾಸಿಗೆ ಹಾಕಬೇಕಂತೆ, ಕಾಲುವೆಯ ಕಡೆ ಬಾಗಿಲು ತೆಗೆದಿರಬೇಕಂತೆ. ನಾತ ಅಂದರೆ, "ನನ್ನ ಮೂಗು... ಅರ್ಧ ಸತ್ತಿದೆ... ಪರವಾಗಿಲ್ಲ" ಅನ್ನುತ್ತಾರೆ.

ಒಂದು ಮಾತು ಕೇಳಿದ್ದೆ, ನೀನು ಉತ್ತರ ಬರೆದಿಲ್ಲ. ಜ್ವರದ ಗಲಾಟೆಯಲ್ಲಿ ಮರೆತಿರಬಹುದು. ಮರೆತಿಲ್ಲದಿದ್ದರೆ, ಬರೆಯಬೇಕು ಅನ್ನಿಸಿದಾಗ ಬರೆ. ಅವಸರವಿಲ್ಲ.

ಶಿನೊ


ಹಾಚಿಮಾನ್
ಆಗಸ್ಟ್ ೨೦

ಅತ್ತೆಯವರಿಗೆ,

ಮರೆತಿರಲಿಲ್ಲ.

ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಹೋದ ವಾರ ಇವರು ಪಕ್ಕದಲ್ಲೇ ನಿಂತಿದ್ದರು. ಇವರಿಗೂ ನಾನು ಹೇಳಿಲ್ಲ.

ಜೂನ್ ತಿಂಗಳ ಸುತ್ತೋಲೆಗೆ ಇನ್ನೊಂದು ಹಾಳೆ ಸಿಕ್ಕಿಸಿದ್ದರು. ಕಾಲುವೆ ಮುಚ್ಚಲು ಬೀದಿಯವರ ಒಪ್ಪಿಗೆ. ಮಣ್ಣು ತುಂಬಿ ಅರ್ಧ ಕಾರು ನಿಲ್ಲಿಸುವ ಜಾಗ, ಅರ್ಧ ಮಕ್ಕಳ ಆಟದ ತೋಟ. ಮೊದಲ ಚೌಕ ಖಾಲಿ ಇತ್ತು. ತಮಾಎ ಅಕ್ಕ ಹೇಳಿದರು, "ನಿಮ್ಮ ಕುರಾಹಶಿ ಮನೆ ಮುದ್ರೆ ಮೊದಲು ಬೀಳ್ಲಿ ಅಂತ ಎಲ್ರೂ ಕಾಯ್ತಿದಾರೆ. ನಿನ್ನ ಅತ್ತೆ ಬರೋವರೆಗೂ ಇಡೋದಾದ್ರೆ ಇಡು. ನಾನು ಬಲವಂತ ಮಾಡಲ್ಲ."

ಇಡಬಹುದಿತ್ತು. ಹಾಗೆ ಅವರೇ ಬಾಯಿಬಿಟ್ಟು ಹೇಳಿದರು.

ಆಗ ತೊಮೊಎ ನನ್ನ ತೊಡೆಯ ಮೇಲಿದ್ದಳು. ಅವಳ ಕಿವಿಯ ಹಿಂದೆ ಸೊಳ್ಳೆ ಕಚ್ಚಿದ ಕೆಂಪು ಗಂಟೊಂದು ಇತ್ತು. ನಾನು ಅದನ್ನೇ ನೋಡುತ್ತಾ ಸೊಂಟದ ಪಟ್ಟಿಯಿಂದ ಮುದ್ರೆ ತೆಗೆದು ಒತ್ತಿದೆ. ಓದಿ ಆಯಿತು ಅಂತ ಒತ್ತುವ ಗುರುತು ಅಂದುಕೊಂಡೆ, ನಿದ್ದೆಗೆಟ್ಟು ಗಮನಿಸಲಿಲ್ಲ ಅಂತ ನಿಮಗೆ ಬರೆದುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಹರಿದ ನಾಲ್ಕು ಕಾಗದಗಳಲ್ಲಿ ಎರಡರಲ್ಲಿ ಹಾಗೇ ಬರೆದಿದ್ದೆ. ಸುಳ್ಳು. ಪ್ರತಿ ಅಕ್ಷರ ಓದಿ ಒತ್ತಿದೆ. ಒತ್ತಿದ ಮೇಲೆ ಹಗುರವೂ ಆಯಿತು.

ಇನ್ನೂ ಕೆಟ್ಟದ್ದು ಏನೆಂದರೆ, ಅದು ಯಾಕೆ ನಾರುತ್ತದೆ ಅಂತ ಈ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇರಲಾರರು. ಕಾಲೇಜಿನಲ್ಲಿ ನಾನು ಬರೆದ ಪ್ರಬಂಧವೇ ನಮ್ಮೂರ ಸರೋವರದ ಅಂಚಿನ ಕಿರುಸರೋವರಗಳ ಮೇಲೆ. ಅವುಗಳನ್ನು ಬತ್ತಿಸಿ ಗದ್ದೆ ಮಾಡಿದ ಮೇಲೆ ಕಾಲುವೆಗೆ ಬರುವ ನೀರೂ ಸೊರಗಿತು, ಹೋಗುವ ದಾರಿಯೂ ಸೊರಗಿತು. ನಿಂತ ನೀರು ನಾರದೆ ಏನು ಮಾಡುತ್ತದೆ? ಈ ಕಾಲುವೆ ತೋಡಿಸಿದ ದೊರೆಯ ಕೋಟೆ ಹತ್ತು ವರ್ಷ ನಿಂತಿದ್ದೇ ಹೆಚ್ಚು. ಕೋಟೆ ಹೋಯಿತು, ದೊರೆಯೂ ಹೋದ, ಊರು ಉಳಿದದ್ದು ಈ ನೀರಿನಿಂದ, ಸರೋವರ ದಾಟುವ ದೋಣಿಗಳೆಲ್ಲ ಇಲ್ಲಿ ನಿಲ್ಲಬೇಕಾಗಿ ಬಂದದ್ದರಿಂದ ಅಂತ ನಾನೇ ಬರೆದು, ಕ್ಯೋಟೋದ ಮೇಷ್ಟರಿಂದ ಶಹಭಾಸ್ ಅನ್ನಿಸಿಕೊಂಡಿದ್ದೆ. ಗೊತ್ತಿದ್ದೂ ಒತ್ತಿದೆ.

ನಮ್ಮ ಮುದ್ರೆಯ ಕೆಳಗೆ ಇಪ್ಪತ್ತಮೂರು ಮನೆಗಳು ಒತ್ತಿವೆ.

ಇವತ್ತು ಭಾನುವಾರ ಬೆಳಗ್ಗೆ ಗೆಂಜೋ ಅಜ್ಜನ ಹತ್ತಿರ ಹೋಗಿ ಅವತ್ತು ಕೂಗಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಕೆಸರಿನ ಕೈ ಹಿಂದೆ ಕಟ್ಟಿಕೊಂಡು, "ಅಯ್ಯೋ, ಬಿಡು ತಾಯಿ. ಆ ಹಾಳೆಗೆ ನಾನೂ ಒತ್ತಿದೀನಿ. ಕುರಾಹಶಿ ಮನೆಯವರೇ ಒತ್ತಿದ ಮೇಲೆ ನಮ್ಮದೇನು?" ಅಂದರು. ಒತ್ತಿದ ಮೇಲೆ ಮತ್ತೆ ಯಾಕೆ ಈ ಕೆಸರು ಎಳೆಯುತ್ತಿದ್ದೀರಿ ಅಂತ ಕೇಳಿದೆ. "ಹೂಳೋ ಮುಂಚೆ ಹೆಣಕ್ಕೆ ಸ್ನಾನ ಮಾಡ್ಸಲ್ವಾ? ಹಾಗೆ" ಅಂದರು.

ಅಲ್ಲಿಂದ ಮನೆಗೆ ಬಂದು ಈ ಕಾಗದಕ್ಕೆ ಕೂತೆ. ಮಾವನವರು ಆ ಕಡೆಯ ಬಾಗಿಲು ತೆಗೆಸಿ ಮಲಗಬೇಕು ಅಂತಿದ್ದಾರೆ. ನಾನು ಅವರ ಕಾಲುವೆಯನ್ನು ಕೊಟ್ಟುಬಿಟ್ಟಿದ್ದೇನೆ. ಅಕ್ಟೋಬರ್ ಕೊನೆಗೆ ಆ ಹಾಳೆ ಮೇಲಿನವರಿಗೆ ಹೋಗುತ್ತದೆ.

ಮುದ್ರೆಯನ್ನು ಈಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿಲ್ಲ. ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಬೈಯಬೇಕಾದಷ್ಟು ಬೈದು ಬರೆಯಿರಿ.

ಇಕುಯೊ


ಹಾಚಿಮಾನ್
ಸೆಪ್ಟೆಂಬರ್ ೧೨

ಅತ್ತೆಯವರಿಗೆ,

ಮೂರು ವಾರವಾಯಿತು, ನಿಮ್ಮ ಕಾಗದವಿಲ್ಲ. ಅಂಚೆಯವನು ಬೀದಿಯ ತಿರುವಿನಲ್ಲಿ ಸೈಕಲ್ ಗಂಟೆ ಬಾರಿಸಿದರೆ ತೊಮೊಎ ಕೈ ತಟ್ಟುವುದನ್ನು ಕಲಿತುಬಿಟ್ಟಿದ್ದಾಳೆ, ನಾನು ಎದ್ದು ಓಡುವುದನ್ನು ನೋಡಿ.

ಅಂಗಡಿಗೆ ಬಂದ ಕಾಗದದಲ್ಲಿ ಮಾವನವರು ಚೆನ್ನಾಗಿದ್ದಾರೆ ಅಂತಿದೆ. ಹಾಗಿದ್ದರೆ ಸಾಕು.

ಇವರಿಗೆ ಹೇಳಿದೆ. ಇವರು, "ಅಮ್ಮನಿಗೆ ಬರ್ದಿದೀಯಲ್ಲ, ಅವರ ಉತ್ತರ ಬರ್ಲಿ" ಅಂದರು. ಆಮೇಲೆ ತೊಮೊಎಯನ್ನು ಎತ್ತಿಕೊಂಡು ಹೊರಗೆ ಹೋದರು. ಬೈಯಲಿಲ್ಲ. ಯಾರೂ ಬೈಯುತ್ತಿಲ್ಲ.

ಇಕುಯೊ


ಒತಾರು
ಸೆಪ್ಟೆಂಬರ್ ೨೪

ಇಕುಯೊ,

ನಿನ್ನನ್ನು ಇಷ್ಟು ದಿನ ಕಾಯಿಸಿದೆ, ಕ್ಷಮಿಸು. ಕೋಪದಿಂದ ಅಲ್ಲ. ಬರೆಯುವುದಕ್ಕಿಂತ ಮೊದಲು ನನಗೆ ಇಲ್ಲೊಂದು ಕೆಲಸ ಇತ್ತು. ಅದಕ್ಕೆ ಧೈರ್ಯ ಬರಲು ಇಷ್ಟು ದಿನ ಹಿಡಿಯಿತು.

ಈಗ ಹಗಲು ಇರುಳು ಸಮನಾಗುವ ವಾರ. ಊರಿನಲ್ಲಿದ್ದಿದ್ದರೆ ನಮ್ಮ ಹಿರಿಯರ ಗೋರಿಗಳಿಗೆ ನೀರೆರೆದು ಬರುತ್ತಿದ್ದೆ. ಆ ಸಾಲಿನ ಕೊನೆಯಲ್ಲಿ ಒಂದು ಚಿಕ್ಕ ಕಲ್ಲಿದೆ, ನೀನು ನೋಡಿದ್ದೀಯ. ಯಾರದು ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅದು ಸಾಯೊ. ನಿನ್ನ ಗಂಡ ಶೋಹೇಗಿಂತ ಮೊದಲು ನನಗೆ ಹುಟ್ಟಿದವಳು. ಮೂರು ವರ್ಷ ತುಂಬಿತ್ತು. ಶೋಹೇಗೂ ಜ್ವರದಲ್ಲಿ ಹೋದಳು ಅಂತಷ್ಟೇ ಗೊತ್ತು.

ಜ್ವರ ಅಲ್ಲ. ೧೯೪೨ರ ಮೇ ತಿಂಗಳು. ನಾನು ಹಿತ್ತಲ ಮೆಟ್ಟಿಲಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಎಲ್ಲರೂ ಅಲ್ಲೇ ತೊಳೆಯುತ್ತಿದ್ದೆವು, ಆಗ ಅಷ್ಟು ತಿಳಿ ನೀರು. ಅವಳು ಏಳನೇ ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟು ಮೀನು ನೋಡುತ್ತಿದ್ದಳು. ಯಾರೋ ಬೀದಿ ಬಾಗಿಲಲ್ಲಿ ಕೂಗಿದರು. "ಬಂದೆ" ಅಂತ ಒಳಗೆ ಹೋಗಿ ಬಂದೆ. ಅಷ್ಟೇ. ಗೆಂಜೋ ಆಗ ಮೂವತ್ತು ದಾಟಿದ ಆಳು, ಜೊಂಡಿನ ದೋಣಿಯಲ್ಲಿ ಬರುತ್ತಿದ್ದವನು. ಅವನೇ ಮೇಲೆತ್ತಿದ.

ನಿನ್ನ ಮಾವ ಆಗ ಇಲ್ಲಿ, ಇದೇ ಒತಾರುವಿನಲ್ಲಿದ್ದರು. ಮನೆ ನನ್ನ ಕೈಯಲ್ಲಿತ್ತು. ಮುದ್ರೆಯೂ ನನ್ನ ಸೊಂಟದಲ್ಲಿತ್ತು. ನಾನು ಅವರಿಗೆ ಕಾಗದ ಬರೆದೆ. ಜ್ವರ ಬಂತು, ಮೂರು ದಿನದಲ್ಲಿ ಹೋದಳು ಅಂತ ಬರೆದೆ. ನಾಲ್ಕು ಕಾಗದ ಹರಿಯಲಿಲ್ಲ ನಾನು. ಒಂದೇ ಸಲಕ್ಕೆ ಬರೆದೆ. ಬೀದಿಯವರೆಲ್ಲರಿಗೂ ಗೊತ್ತಿತ್ತು, ಯಾರೂ ಯಾವತ್ತೂ ಬಾಯಿ ಬಿಡಲಿಲ್ಲ. ಮೂವತ್ತು ವರ್ಷ.

ನಿನ್ನ ಕಾಗದ ಬಂದ ದಿನ ಏನಾಯಿತು ಅಂತ ಹೇಳಬೇಕು. ಕಾಲುವೆ ಮುಚ್ಚುತ್ತಾರೆ ಅಂತ ಓದಿದಾಗ ಮೊದಲು ಬಂದದ್ದು ಸಂತೋಷ. ಹೌದು. ಎಷ್ಟು ವರ್ಷ ನಾನೇ ಅದನ್ನು ಮುಚ್ಚಲಿ ಅಂತ ಬೇಡಿಕೊಂಡಿದ್ದೇನೆ ಗೊತ್ತಾ? ಮುದ್ರೆ ನಿನ್ನ ಕೈಗೆ ಕೊಡುವಾಗಲೂ ಆ ಹಾಳೆ ಬರಬಹುದು ಅನ್ನುವುದು ನನಗೆ ಗೊತ್ತಿತ್ತು. ನನ್ನ ಬದಲು ನೀನು ತೀರ್ಮಾನಿಸಲಿ ಅಂತ ಒಳಗೊಳಗೇ ಇತ್ತೋ ಏನೋ. ಆದ್ದರಿಂದ ನಿನ್ನನ್ನು ಬೈಯುವ ಅಧಿಕಾರ ನನಗಿಲ್ಲ.

ಮಾರನೇ ದಿನ ಬೆಳಗ್ಗೆ ಇಲ್ಲಿನ ಕಾಲುವೆಯ ಪಕ್ಕ ಹೋಗುತ್ತಿದ್ದೆ. ಒಂದು ಲಾರಿ ಎಲ್ಲಿಗೋ ಒಯ್ಯಲು ಮಣ್ಣು ತುಂಬಿಕೊಂಡು ನಿಂತಿತ್ತು. ಅವಳ ಮೇಲೆ ಸುರಿಯುತ್ತಾರೆ ಅನ್ನಿಸಿತು. ಗೋರಿಗೆ ನೀರೆರೆಯುತ್ತೇನೆ, ನಿಜ. ಆದರೆ ನನ್ನ ಸಾಯೊ ಇರುವುದು ಆ ಕಲ್ಲಿನ ಕೆಳಗಲ್ಲ. ಏಳನೇ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಳೆ. ಆ ಮೆಟ್ಟಿಲನ್ನು ಕೆಸರು ನುಂಗಿ ಹದಿನೈದು ವರ್ಷವಾಯಿತು. ಆದರೂ ಅಲ್ಲಿದೆ ಅಂತ ಗೊತ್ತಿತ್ತಲ್ಲ.

ಆಮೇಲೆ ಮೂರು ವಾರ ನಾನು ನಿನ್ನ ಕಾಗದವನ್ನು ಎದೆಯ ಹತ್ತಿರ ಇಟ್ಟುಕೊಂಡು ತಿರುಗಿದೆ. ಇಪ್ಪತ್ತೈದು ವರ್ಷದ ಹುಡುಗಿ ಅತ್ತೆಗೆ "ಸುಳ್ಳು, ಓದಿಯೇ ಒತ್ತಿದೆ" ಅಂತ ಬರೆಯುತ್ತಾಳೆ, ನಾನು ಕಾಯಿಲೆ ಬಿದ್ದ ಗಂಡನಿಗೆ ಗಂಜಿ ಕುಡಿಸುತ್ತಾ ಸುಳ್ಳನ್ನೇ ಕುಡಿಸುತ್ತಿದ್ದೇನೆ ಅನ್ನಿಸಿತು. ಮೊನ್ನೆ ಕಿಟಕಿಯ ಹತ್ತಿರ ಕೂರಿಸಿ ಹೇಳಿದೆ. ಅಕ್ಕಿ, ಮೆಟ್ಟಿಲು, ಬೀದಿ ಬಾಗಿಲು, ಎಲ್ಲಾ.

ಅವರು ಹೇಳಿದ್ದು ಇಷ್ಟು: "ಗೊತ್ತಿತ್ತು ಕಣೇ. ಗೆಂಜೋ... ಆ ವರ್ಷವೇ... ಅಳುತ್ತಾ ಹೇಳಿದ."

"ಗೊತ್ತಿದ್ದೂ ಮೂವತ್ತು ವರ್ಷ ಸುಮ್ಮನಿದ್ರಾ?"

"ನೀನು ಹೇಳ್ತೀಯ ಅಂತ... ಕಾಯ್ತಿದ್ದೆ."

ಇಕುಯೊ, ನಾವಿಬ್ಬರೂ ಅವತ್ತು ಮಧ್ಯಾಹ್ನ ಒಟ್ಟಿಗೆ ಅತ್ತೆವು. ಮೂವತ್ತು ವರ್ಷ ಬೇರೆ ಬೇರೆ ಊರಿನಲ್ಲಿ ಅತ್ತವರು. ಇದಕ್ಕೆ ನಿನಗೆ ಹೇಗೆ ಕೃತಜ್ಞತೆ ಹೇಳಲಿ ಅಂತ ನನಗೆ ತಿಳಿಯುತ್ತಿಲ್ಲ. ನೀನು ಬರೆಯದಿದ್ದರೆ ನಾನು ಹೇಳುತ್ತಿರಲಿಲ್ಲ. ಇವರು ಹಾಗೇ ಕಾಯುತ್ತಾ ಹೋಗಿಬಿಡುತ್ತಿದ್ದರು.

ಈಗ ಆ ಹಾಳೆಯ ವಿಷಯ. ತೆಗೆ ಅಂತಲೂ ಹೇಳುವುದಿಲ್ಲ, ಇರಲಿ ಅಂತಲೂ ಹೇಳುವುದಿಲ್ಲ. ನನ್ನ ಮಗಳು ಹೋದದ್ದೂ ಆ ನೀರಿನಲ್ಲೇ, ಇರುವುದೂ ಅಲ್ಲೇ. ನಿನ್ನ ಮಗಳು ಅಂಬೆಗಾಲಿಡುತ್ತಿರುವುದೂ ಅದೇ ಬಾಗಿಲಿಗೆ. ನಿನ್ನ ಭಯ ಸುಳ್ಳಲ್ಲ, ಅದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಮುದ್ರೆಯನ್ನು ದೇವರ ಗೂಡಿನಿಂದ ತೆಗೆದು ಸೊಂಟಕ್ಕೆ ಕಟ್ಟಿಕೋ. ಈ ಮನೆಯಲ್ಲಿ ಅದನ್ನು ಹಿಡಿದ ಹೆಂಗಸರೆಲ್ಲ ಗಂಡ ಊರಲ್ಲಿ ಇಲ್ಲದಾಗ ಒಬ್ಬರೇ ಒತ್ತಿದವರು, ಒಬ್ಬರೇ ಹೆದರಿದವರು. ನೀನು ಏನು ಮಾಡಿದರೂ ಅದು ಈ ಮನೆಯ ಮಾತು. ನಾನು ಅದರ ಹಿಂದೆ ನಿಲ್ಲುತ್ತೇನೆ.

ಶಿನೊ


ಹಾಚಿಮಾನ್
ಅಕ್ಟೋಬರ್ ೧೬

ಅಮ್ಮಾ,

ಅತ್ತೆ ಅಂತ ಬರೆಯಲು ಕೈ ಬರಲಿಲ್ಲ. ತಪ್ಪಾಗಿದ್ದರೆ ಹೇಳಿ, ಮುಂದಿನ ಸಲ ಸರಿ ಮಾಡಿಕೊಳ್ಳುತ್ತೇನೆ.

ನಿಮ್ಮ ಕಾಗದ ಬಂದ ದಿನ ನಾನು ಉಗ್ರಾಣದ ಬಾಗಿಲಿನ ಎರಡೂ ಅಗುಳಿ ತೆಗೆದೆ. ತೊಮೊಎಯನ್ನು ಇವರ ಕೈಗೆ ಕೊಟ್ಟು ಒಬ್ಬಳೇ ಮೆಟ್ಟಿಲಿಳಿದೆ. ನಾಲ್ಕು ಮೆಟ್ಟಿಲು ಕಾಣುತ್ತವೆ. ಅದರ ಕೆಳಗೆ ಬರೀ ಕರಿ ಕೆಸರು. ನಾಲ್ಕನೆಯದರ ಮೇಲೆ ಕೂತೆ. ಭಯವಾಯಿತು, ಕಡಿಮೆಯಾಗಲಿಲ್ಲ, ಈಗಲೂ ಆಗಿಲ್ಲ. ಆದರೆ ಜೂನ್ ತಿಂಗಳಲ್ಲಿ ನಾನು ಮುದ್ರೆ ಒತ್ತಿದ್ದು ಭಯವನ್ನೇ ಹೂತುಬಿಡಬಹುದು ಅಂತ. ಅದು ಹೂಳುವುದಕ್ಕೆ ಆಗುವಂಥದ್ದಲ್ಲ. ಅದಕ್ಕೆ ಮಾಡಬೇಕಾದದ್ದು ಬೇಲಿ. ಇವರು ಎರಡು ದಿನ ಕೂತು ಮೆಟ್ಟಿಲ ಮೇಲ್ತುದಿಗೆ ಬಿದಿರಿನ ಗೇಟು ಕಟ್ಟಿದರು, ನನ್ನ ಎದೆಯೆತ್ತರಕ್ಕೆ, ಚಿಲಕ ಹೊರಮಗ್ಗುಲಿಗೆ. ನಾನು ಹಿಡಿದು ಅಲ್ಲಾಡಿಸಿ ನೋಡಿ, ಇನ್ನೊಂದು ಅಡ್ಡಪಟ್ಟಿ ಹಾಕಿಸಿದೆ. "ಕೋಟೆ ಕಟ್ಟಿಸ್ತಿದೀಯಾ?" ಅಂದರು. ಹೌದು ಅಂದೆ.

ಅಕ್ಟೋಬರ್ ಎಂಟಕ್ಕೆ ಬೀದಿಯ ಸಭೆ. ಆ ಹಾಳೆಯನ್ನು ಮುಂದಿಟ್ಟು ಎಲ್ಲರೂ ಕೂತಿದ್ದರು. ನಾನು ತಲೆಬಾಗಿಸಿ, ಕುರಾಹಶಿ ಮನೆಯ ಒಪ್ಪಿಗೆ ವಾಪಸು ತೆಗೆದುಕೊಳ್ಳುತ್ತೇನೆ ಅಂದೆ. ತಮಾಎ ಅಕ್ಕನ ಮುಖ ಕೆಂಪಾಯಿತು.

"ಇದೇನು ಮಕ್ಕಳಾಟವಾ? ಒತ್ತೋದು, ಅಳಿಸೋದು? ನಿನ್ನ ಮುದ್ರೆ ನೋಡ್ಕೊಂಡು ತಾನೇ ಇಷ್ಟು ಜನ ಒತ್ತಿದ್ದು?"

"ಹೌದಕ್ಕ. ಅದಕ್ಕೇ ಎಲ್ಲರ ಎದುರಿಗೇ ಹೇಳ್ತಿದೀನಿ."

"ಸೊಳ್ಳೆ ಬಂದು ನಿನ್ನ ಮಗಳನ್ನ ಕಚ್ಚಿದ್ರೆ?"

"ಕಚ್ಚುತ್ತೆ. ನಮ್ಮ ಅಂಗಡೀಲಿ ಪರದೆ ಇದೆ."

ಯಾರೋ ಹಿಂದಿನಿಂದ, "ಓಹೋ, ವ್ಯಾಪಾರ ಶುರು!" ಅಂದರು. ಎಲ್ಲರೂ ನಕ್ಕರು. ತಮಾಎ ಅಕ್ಕ ನಗಲಿಲ್ಲ.

ನೀರು ಯಾಕೆ ನಿಂತಿದೆ, ಎಲ್ಲಿ ತೋಡಿದರೆ ಮತ್ತೆ ಹರಿಯುತ್ತದೆ ಅಂತ ನನ್ನ ಪ್ರಬಂಧದ ನಕ್ಷೆ ಬಿಡಿಸಿ ತೋರಿಸಿದೆ. ಅರ್ಧ ಜನಕ್ಕೆ ಕೇಳಿಸಿರಲಾರದು. ಆಮೇಲೆ ಕೆಂಪು ಶಾಯಿಯ ಡಬ್ಬಿ ಕೊಟ್ಟರು. ರದ್ದು ಮಾಡುವಾಗ ಎರಡು ಗೆರೆ ಎಳೆದು ಅದೇ ಮುದ್ರೆಯನ್ನು ಅದರ ಮೇಲೇ ಮತ್ತೆ ಒತ್ತಬೇಕಲ್ಲ. ಹಾಗೆ ಮಾಡಿದೆ. ಮೊದಲಿನದು ಅಳಿಸಿಹೋಗಲಿಲ್ಲ. ಎರಡೂ ಅಲ್ಲೇ ಇವೆ, ನೋಡುವವರಿಗೆಲ್ಲ ಕಾಣುವ ಹಾಗೆ. ಇರಲಿ ಅನ್ನಿಸಿತು.

ಗೆಂಜೋ ಅಜ್ಜ ಎದ್ದು ಬಂದು ತಮ್ಮದನ್ನೂ ರದ್ದು ಮಾಡಿದರು. ಅವರ ಹಿಂದೆ ಇನ್ನೂ ಮೂವರು. ಇಪ್ಪತ್ತಮೂರರಲ್ಲಿ ನಾಲ್ಕು ಅಷ್ಟೇ. ಉಳಿದವರು ಹಾಗೇ ಇದ್ದಾರೆ, ಹಾಳೆ ಹೋಗುತ್ತದೆ. ಮುಚ್ಚುವುದು ನಿಲ್ಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅದರ ಮೊದಲ ಸಾಲಿನಲ್ಲಿ ಈಗ ಎರಡು ಗೆರೆ ಇವೆ. ಯಾಕೆ ಅಂತ ಯಾರಾದರೂ ಕೇಳಲೇಬೇಕು.

ನಿನ್ನೆ ಭಾನುವಾರ ನಾನೂ ಕೆಸರಿಗಿಳಿದೆ. ಇವರ ಹಳೆ ಪ್ಯಾಂಟು, ತಲೆಗೆ ಬಟ್ಟೆ. ತೊಮೊಎಯನ್ನು ಎಲ್ಲಿ ಬಿಡಲಿ ಅಂತ ಗೇಟಿನ ಬಳಿ ನಿಂತಿದ್ದಾಗ ತಮಾಎ ಅಕ್ಕ ಬಂದು ನನ್ನ ಕಂಕುಳಿಂದ ಅವಳನ್ನು ಕಿತ್ತುಕೊಂಡರು. ಇಡೀ ಬೆಳಗ್ಗೆ ದಂಡೆಯ ಮೇಲೆ ಕೂತು, "ನೋಡು ಪುಟ್ಟಿ, ನಿಮ್ಮಮ್ಮಂಗೆ ಹುಚ್ಚು ಹಿಡ್ದಿದೆ. ಕಾಲೇಜಿಗೆ ಹೋದ್ರೆ ಹಿಂಗೇ ಆಗೋದು. ನೀನು ಹೋಗ್ಬೇಡ" ಅಂತ ನನಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ಅವರ ಮುದ್ರೆ ಇನ್ನೂ ಆ ಹಾಳೆಯಲ್ಲಿದೆ. ಆದರೆ ಮಗುವನ್ನು ಒಂದು ಕ್ಷಣವೂ ಕೆಳಗೆ ಬಿಡಲಿಲ್ಲ. ಯಾಕೆ ಅಂತ ನನಗೆ ಈಗ ಗೊತ್ತು. ಈ ಬೀದಿಯವರೆಲ್ಲ ಮೂವತ್ತು ವರ್ಷದಿಂದ ಹೀಗೇ ಕಾಯುತ್ತಿದ್ದಾರೆ, ಹೇಳದೆ. ನಾನು ಒಬ್ಬಳೇ ಎಣಿಸುತ್ತಿದ್ದೇನೆ ಅಂದುಕೊಂಡಿದ್ದೆ.

ನಾನು ನಮ್ಮ ಮೆಟ್ಟಿಲ ಕೆಳಗೇ ತೋಡಿದೆ. ಗೆಂಜೋ ಅಜ್ಜ ಏನೂ ಕೇಳದೆ ಬಂದು ಪಕ್ಕದಲ್ಲಿ ನಿಂತು ಅವರೂ ತೋಡಿದರು. ಐದನೆಯದು ಹತ್ತು ಗಂಟೆಗೆ ಕಂಡಿತು. ಆರನೆಯದರ ಮೂಲೆ ಒಡೆದಿದೆ. ಮಧ್ಯಾಹ್ನದ ಹೊತ್ತಿಗೆ ಅವರು ಸಲಿಕೆ ಪಕ್ಕಕ್ಕಿಟ್ಟು, ಮಂಡಿಯೂರಿ, ಕೈಯಿಂದಲೇ ಕೆಸರು ಸರಿಸತೊಡಗಿದರು. ನಾನೂ ಕೈಯಿಂದಲೇ ಸರಿಸಿದೆ.

ಏಳನೆಯದು ಗಟ್ಟಿಯಾಗಿದೆ ಅಮ್ಮಾ. ಒಂದು ಬಿರುಕೂ ಇಲ್ಲ. ತೊಳೆದಿದ್ದೇನೆ. ಮತ್ತೆ ಕೆಸರು ಹತ್ತುತ್ತದೆ, ಮತ್ತೆ ತೊಳೆಯುತ್ತೇನೆ. ನೀವಿಬ್ಬರೂ ಬರುವ ದಿನ ಬೆಳಗ್ಗೆ ಇನ್ನೊಮ್ಮೆ ತೊಳೆದಿಟ್ಟಿರುತ್ತೇನೆ.

ಇಕುಯೊ